ಹೆರಿಗೆ ದುಡ್ಡು 700 ರೂಪಾಯಿ: ತವರೂರಲ್ಲಿ ಕೇಳಬೇಕಾ, ನಮ್ಮೂರಲ್ಲಾ?

ಪ್ರಶ್ನೆ: ನಮಸ್ಕಾರ ಸಿಸ್ಟರ್. ನಮ್ಮದು ರಾಯಬಾಗ ತಾಲೂಕಿನ ಹಳ್ಳಿ, ಬಿಪಿಎಲ್ ಕಾರ್ಡ್ ಇದೆ. ಚೊಚ್ಚಲು ಅಂತ ಹೆಂಡತಿ ಜಮಖಂಡಿ ಕಡೆ ತವರಿಗೆ ಹೋಗಿದ್ದಳು. ಅಲ್ಲೇ ಸರ್ಕಾರಿ ದವಾಖಾನೆಯಲ್ಲಿ ಹೆಣ್ಣುಮಗು ಆಯ್ತು. ಎರಡು ತಿಂಗಳಾಯ್ತು, ಜನನಿ ಸುರಕ್ಷಾ ದುಡ್ಡು ಬಂದಿಲ್ಲ. ನಮ್ಮೂರ ಆಶಾ ಅಕ್ಕ 'ಹೆರಿಗೆ ಆದ ಕಡೆ ಕೇಳು' ಅಂತಾರೆ. ಅಲ್ಲಿಯವರು 'ತಾಯಿ ಕಾರ್ಡ್ ಮಾಡಿಸಿದ ಕಡೆ ಕೇಳಿ' ಅಂತಾರೆ. ನಮ್ಮವ್ವ ಅಂತೂ 'ಏಳುನೂರಕ್ಕೆ ಇಷ್ಟು ತಿರುಗಾಟ ಯಾಕೆ, ನಾವೆಲ್ಲ ಮನೇಲೇ ಹಡೆದಿಲ್ಲೇನು' ಅಂತಾಳೆ. 5000 ಬರುತ್ತೆ ಅಂತಲೂ ಕೇಳಿದ್ದೆ. ಎರಡೂ ಒಂದೇನಾ?

ಉತ್ತರ (ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಬಾಗಲಕೋಟೆ ಜಿಲ್ಲೆ): ತಮ್ಮಾ, ನಿಮ್ಮೂರ ಆಶಾ ಹೇಳಿದ್ದೇ ಸರಿ. ಈ ಹಣ ಹೆರಿಗೆ ಆದ ದವಾಖಾನೆಯಿಂದಲೇ ಬರಬೇಕು. ನಮ್ಮ ಕಡೆ ಚೊಚ್ಚಲು ತವರಲ್ಲೇ ಆಗೋದು, ಅಲ್ವಾ? ಹಾಗಾಗಿ ಈ ಗೊಂದಲ ಮೊದಲಿಂದಲೂ ಇದೆ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡ್, ಆಧಾರ್, ಹೆಂಡತಿಯ ಪಾಸ್‌ಬುಕ್ ಇವುಗಳ ಝೆರಾಕ್ಸ್ ತಗೊಂಡು ಅಲ್ಲಿಗೇ ಹೋಗಿ.

ಹೋಗೋ ಮೊದಲು ಬ್ಯಾಂಕಲ್ಲಿ ಒಂದು ವಿಚಾರ ನೋಡಿ. ನಾನು ಕಂಡಂತೆ ಜಾಸ್ತಿ ದುಡ್ಡು ನಿಲ್ಲೋದು ಅಲ್ಲೇ. ಖಾತೆಯಲ್ಲಿ ತವರಿನ ಅಡ್ಡಹೆಸರು, ಆಧಾರಲ್ಲಿ ಗಂಡನ ಮನೆಯದು. ಇಲ್ಲಾ, ಖಾತೆಗೆ ಆಧಾರ್ ಜೋಡಣೆಯೇ ಆಗಿರೋದಿಲ್ಲ. ಗಂಡನ ಖಾತೆ ನಂಬರ್ ಕೊಟ್ಟರೂ ಆಗೋದಿಲ್ಲ.

5000ದ್ದು ಬೇರೆ. ಅದು ಮಾತೃ ವಂದನಾ ಯೋಜನೆ, ಅಂಗನವಾಡಿಯಲ್ಲಿ ಅರ್ಜಿ. ಮೊದಲ ಮಗುವಿಗೆ 3000 ಮತ್ತು 2000, ಎರಡು ಕಂತು. ಎರಡನೇ ಕಂತಿಗೆ ಮಗುವಿನ ಜನನ ನೋಂದಣಿ ಆಗಿರಬೇಕು, ಹದಿನಾಲ್ಕು ವಾರದವರೆಗಿನ ಲಸಿಕೆ ಮುಗಿದಿರಬೇಕು. ಮುಂದೆ ಎರಡನೇದೂ ಹೆಣ್ಣಾದರೆ 6000 ಇದೆ. ಅರ್ಜಿಗೆ ಗಡುವು ಇರುತ್ತೆ, ಈ ವಾರವೇ ಹೋಗಿ.

ಇನ್ನು ನಿಮ್ಮ ಅವ್ವನ ಮಾತು. ಅವರನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಿ. ಅವ್ವಾ, ಬಡವರ ಮನೆ ಹೆಣ್ಣುಮಗಳು ಮನೇಲಿ ಹಡೆದರೂ ಈ ಯೋಜನೆಯಲ್ಲಿ 500 ಇದೆ. ಹಳ್ಳಿಯವರು ದವಾಖಾನೆಯಲ್ಲಿ ಹಡೆದರೆ 700. ಇನ್ನೂರು ರೂಪಾಯಿ ಆಸೆಗೆ ಯಾರೂ ಹೋಗಬೇಕಿಲ್ಲ. ಹೋಗಬೇಕಾಗಿರೋದು ರಕ್ತಕ್ಕಾಗಿ. ಮಗು ಹೊರಬಂದ ಕೂಡಲೇ ನಾವು ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ. ಗರ್ಭಕೋಶ ಬಿಗಿಯಾಗಿ ರಕ್ತ ಹೋಗೋದು ಕಡಿಮೆಯಾಗುತ್ತೆ. ಮನೇಲಿ ಅದು ಇಲ್ಲ. ಒಂದು ವರ್ಷ ಕಬ್ಬು ಕಡಿಯುವ ಗ್ಯಾಂಗಿನ ಹುಡುಗಿಯೊಬ್ಬಳು ಗುಡಿಸಲಲ್ಲೇ ಹಡೆದಿದ್ದಳು. ಮಗು ಚೆನ್ನಾಗಿತ್ತು. ನಾನು ಹೋಗೋ ಹೊತ್ತಿಗೆ ತಾಯಿಯ ಕೈ ತಣ್ಣಗಾಗಿತ್ತು. ಆ ಕೈ ಇನ್ನೂ ನೆನಪಿದೆ.

ಜನನಿ ಸುರಕ್ಷಾ ಶುರುವಾಗಿದ್ದು 2005ರಲ್ಲಿ. ಆಗ ಕರ್ನಾಟಕದಲ್ಲಿ ದವಾಖಾನೆ ಹೆರಿಗೆ ನೂರಕ್ಕೆ 65ರ ಹತ್ತಿರ ಇತ್ತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 97. ಬರೀ ದುಡ್ಡಿಂದ ಆಗಿದ್ದಲ್ಲ. ಆಶಾ, 108 ಗಾಡಿ, ರಸ್ತೆ ಎಲ್ಲಾ ಸೇರಿ ಆಗಿದ್ದು.

ಇಂಡಿ ತಾಲೂಕಿನ ಸದಸ್ಯೆ: ಅಕ್ಕಾ, ನನಗೆ 700 ಬಂತು. ಆದರೆ ಹೆರಿಗೆ ಆದ ದಿನ 'ಗಂಡುಮಗು, ಖುಷಿಗೆ ಕೊಡ್ರಿ' ಅಂತ 1000 ಇಸ್ಕೊಂಡರು. ಔಷಧಿಯನ್ನೂ ಹೊರಗೆ ಬರೆದುಕೊಟ್ಟರು. ಅದಕ್ಕೆ ಏನು ಮಾಡೋದು?

ಉತ್ತರ: ತಂಗಿ, ಇದು ಕೇಳಿ ಸಂಕಟವಾಗುತ್ತೆ. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ತಪಾಸಣೆ, ಊಟ, ಮನೆಗೆ ಬಿಡೋ ಗಾಡಿ ಎಲ್ಲವೂ ಪುಕ್ಕಟೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ನಿಮ್ಮ ಹಕ್ಕು. 700 ಕೊಟ್ಟು 1000 ಕಿತ್ತುಕೊಂಡರೆ ಆ ದುಡ್ಡಿಗೆ ಅರ್ಥವೇ ಇಲ್ಲ. ಔಷಧಿ ಅಂಗಡಿಯ ಬಿಲ್ ಇದ್ದರೆ ಇಟ್ಟುಕೊಳ್ಳಿ, 104ಕ್ಕೆ ಫೋನ್ ಮಾಡಿ ದೂರು ಬರೆಸಿ. ಒಬ್ಬರೇ ಹೋಗೋಕೆ ಭಯ ಆದರೆ ಆಶಾ ಅವರನ್ನು ಜೊತೆಗೆ ಕರ್ಕೊಂಡು ವೈದ್ಯಾಧಿಕಾರಿಯನ್ನು ಕಾಣಿ.

ರಾಯಬಾಗದ ಸದಸ್ಯ: ಸಿಸ್ಟರ್, ಪಾಸ್‌ಬುಕ್ ನೋಡಿದೆ. ತವರಿನ ಅಡ್ಡಹೆಸರೇ ಇದೆ. ನಾಳೆ ಬ್ಯಾಂಕಿಗೆ ಹೋಗ್ತೀನಿ. ಅವ್ವನಿಗೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ತನ್ನ ಅಕ್ಕನೂ ಹಾಗೇ ಹೋಗಿದ್ದು ಅಂದಳು. ನನಗೆ ಅದು ಗೊತ್ತೇ ಇರಲಿಲ್ಲ.