ರಾತ್ರಿ ಪಾಳಿಯಲ್ಲಿ ದುಡಿಯುವವರು ಶ್ರೀಗ್ರಂಥವನ್ನು (ಬೈಬಲನ್ನು) ಹೇಗೆ ಓದುತ್ತೀರಿ? ಅನುಭವ ತಿಳಿಸಿ

ಪಾಳಿ ನರ್ಸ್ (ಪ್ರಶ್ನೆ)

ನನ್ನದು ಆಸ್ಪತ್ರೆಯ ಕೆಲಸ. ವಾರ ಬಿಟ್ಟು ವಾರ ರಾತ್ರಿ ಪಾಳಿ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಬೂದಿ ಬುಧವಾರದಂದು ಆದಿಕಾಂಡದಿಂದ ಓದಲು ಆರಂಭಿಸಿದವಳು ಮೂರನೆಯ ಬಾರಿಗೂ ಮೂರನೆಯ ಗ್ರಂಥವಾದ ಯಾಜಕಕಾಂಡದಲ್ಲಿಯೇ ನಿಂತುಹೋಗಿದ್ದೇನೆ. ಓದದೆ ಉಳಿದ ದಿನಗಳು ತೀರಿಸಲಾಗದ ಸಾಲದಂತೆ ಬೆಳೆಯುತ್ತಿವೆ. ಇದನ್ನೇ ಮುಂದುವರಿಸಲೇ, ಅಥವಾ ಚರ್ಚಿನ ಬಲಿಪೂಜೆಯಲ್ಲಿ ಓದುವ ಆಯಾ ದಿನದ ವಾಚನಗಳನ್ನು ಹಿಡಿಯಲೇ? ಇಪ್ಪತ್ತು ನಿಮಿಷ ಸಿಕ್ಕರೆ ಅದೇ ಹೆಚ್ಚು.

ಆದಿಯಿಂದ ಅಂತ್ಯ

ಸೋದರಿ, ದಯವಿಟ್ಟು ಬಿಡಬೇಡಿ. ನಾನು 73 ಗ್ರಂಥಗಳನ್ನೂ ಮುಗಿಸಿದವನು. ಅದಕ್ಕೆ ತೆತ್ತದ್ದು ಎಷ್ಟೆಂಬುದು ನನಗೆ ಗೊತ್ತಿದೆ. ಮೊದಲ ಪ್ರಯತ್ನದಲ್ಲಿ ದಿನಕ್ಕೆ ಮೂರು ಅಧ್ಯಾಯಗಳಂತೆ ಹೊರಟು, ವಿಮೋಚನಾಕಾಂಡದಲ್ಲಿ ದೇವದರ್ಶನದ ಗುಡಾರದ ಅಳತೆಗಳನ್ನು 25ನೆಯ ಅಧ್ಯಾಯದಿಂದ ಒಮ್ಮೆ, 35ರಿಂದ ಮತ್ತೊಮ್ಮೆ ಓದಿ ದಣಿದು, ಯಾಜಕಕಾಂಡ 13ರ ಚರ್ಮರೋಗದ ವಿಧಿಗಳಲ್ಲಿ ಕೈಚೆಲ್ಲಿದೆ. ಅಂದು 35ನೆಯ ದಿನ. ಎರಡನೆಯ ಬಾರಿ ಐದು ತಿಂಗಳು ನಡೆದು, ಪೂರ್ವಕಾಲವೃತ್ತಾಂತದ ಆರಂಭದ ಒಂಬತ್ತು ಅಧ್ಯಾಯಗಳ ಹೆಸರುಗಳ ಪಟ್ಟಿಯಲ್ಲಿ ಸೋತೆ. ಮೂರನೆಯ ಬಾರಿ ದಿನಕ್ಕೆ ಎರಡೇ ಅಧ್ಯಾಯ ಎಂದು ನಿಶ್ಚಯಿಸಿ ಬೆಳಗ್ಗೆ ನಾಲ್ಕೂವರೆಗೆ ಏಳತೊಡಗಿದೆ. ಎರಡು ವರ್ಷ ಒಂದು ತಿಂಗಳು ಹಿಡಿಯಿತು, ಅದರಲ್ಲಿ 97 ದಿನ ತಪ್ಪಿದೆ. ರಾತ್ರಿ ಒಂಬತ್ತಕ್ಕೇ ಮಲಗುತ್ತಿದ್ದುದರಿಂದ ಮಗಳ ಜೊತೆ ಕೂತು ಮಾತನಾಡುವುದೇ ನಿಂತುಹೋಯಿತು. ಆ ನಷ್ಟವನ್ನು ಇಂದಿಗೂ ತುಂಬಿಕೊಳ್ಳಲಾಗಿಲ್ಲ.

ಆದರೂ ಹೇಳುತ್ತೇನೆ: ಯಾಜಕಕಾಂಡ 14ನ್ನು ಓದಿದ್ದರಿಂದಲೇ, ಮಾರ್ಕ 1ರಲ್ಲಿ ಗುಣಹೊಂದಿದ ಕುಷ್ಠರೋಗಿಯನ್ನು ಯೇಸು ಯಾಜಕನ ಬಳಿಗೆ ಏಕೆ ಕಳುಹಿಸಿದರೆಂದು ನನಗೆ ತಿಳಿಯಿತು. ಶುದ್ಧನೆಂದು ಯಾಜಕನು ಸಾರಿದರೆ ಮಾತ್ರ ಅವನು ಊರೊಳಗೆ ಬರಬಹುದಿತ್ತು; ಅವನಿಗೆ ಚರ್ಮವಷ್ಟೇ ಅಲ್ಲ, ಊರು ಮನೆಗಳೂ ಮರಳಿ ದೊರೆಯಬೇಕಿತ್ತು. ಶ್ರೀಗ್ರಂಥವನ್ನು ಅರಿಯದಿರುವುದೆಂದರೆ ಕ್ರಿಸ್ತರನ್ನೇ ಅರಿಯದಿರುವುದು ಎಂಬ ಸಂತ ಜೆರೋಮರ ಮಾತನ್ನು, ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸುಮ್ಮನೆ ಎತ್ತಿ ಹೇಳಲಿಲ್ಲ. ಬಲಿಪೂಜೆಯ ವಾಚನಗಳಲ್ಲಿ ಸಿಗುವುದು ಆಯ್ದ ತುಣುಕುಗಳು. ನ್ಯಾಯಸ್ಥಾಪಕರು 11ರಲ್ಲಿ ಯೆಫ್ತಾಹನು ಮಗಳನ್ನು ಬಲಿಕೊಟ್ಟ ಕಥೆಯಂತಹ ಕಠಿಣ ಭಾಗಗಳು ಅಲ್ಲಿ ಕಿವಿಗೆ ಬೀಳುವುದೇ ಇಲ್ಲ.

ದೈನಿಕ ವಾಚನ

ಬೀಳುತ್ತದೆ, ಸಹೋದರರೇ. ಸಾಧಾರಣ ಕಾಲದ (ದೊಡ್ಡ ಹಬ್ಬಗಳ ಕಾಲಗಳನ್ನು ಬಿಟ್ಟು ಉಳಿದ ವಾರಗಳ) ಇಪ್ಪತ್ತನೆಯ ವಾರದ ಗುರುವಾರ, ಬೆಸ ಸಂಖ್ಯೆಯ ವರ್ಷಗಳಲ್ಲಿ, ಯೆಫ್ತಾಹನ ಮಗಳ ಕಥೆಯೇ ಮೊದಲನೆಯ ವಾಚನ. ಗೊತ್ತಿಲ್ಲದುದನ್ನು ಇಷ್ಟು ಗಟ್ಟಿಯಾಗಿ ಹೇಳಬಾರದಿತ್ತು.

ಹನ್ನೊಂದು ವರ್ಷಗಳಿಂದ ನಾನು ದಿನದ ವಾಚನಗಳನ್ನೇ ಅನುಸರಿಸುತ್ತಿದ್ದೇನೆ. ವಾರದ ದಿನಗಳ ಶುಭಸಂದೇಶ, ಎಂದರೆ ಯೇಸುವಿನ ಜೀವನವನ್ನು ಹೇಳುವ ಭಾಗ, ಸಾಧಾರಣ ಕಾಲದಲ್ಲಿ ಮಾರ್ಕನಿಂದ ಆರಂಭವಾಗಿ, ಹತ್ತನೆಯ ವಾರದಿಂದ ಮತ್ತಾಯನಿಗೂ ಇಪ್ಪತ್ತೆರಡನೆಯ ವಾರದಿಂದ ಲೂಕನಿಗೂ ಸಾಗುತ್ತದೆ. ಇದು ತುಣುಕಲ್ಲ, ನಡಿಗೆ. ಇದರ ಬೆಲೆ ನಸುಕಿನಲ್ಲಿ ಏಳುವುದಲ್ಲ. ನಮಗೆ ಬೇಡವಾದ ಮಾತನ್ನು ಬೇಡವಾದ ದಿನವೇ ಕೇಳಬೇಕಾಗುವುದು. 2019ರ ಡಿಸೆಂಬರಿನಲ್ಲಿ ನಾನು ಐದು ತಿಂಗಳ ಗರ್ಭವನ್ನು ಕಳೆದುಕೊಂಡೆ. 2020ರ ಜನವರಿ 13ರಂದು ಪುಸ್ತಕ ತೆರೆದರೆ ಸಮುವೇಲನ ಮೊದಲನೆಯ ಗ್ರಂಥದ ಹನ್ನಳು ಮಕ್ಕಳಿಲ್ಲದೆ ಅಳುತ್ತಿದ್ದಾಳೆ, ಊಟ ಬಿಟ್ಟಿದ್ದಾಳೆ. ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ಗಂಡ ಕೇಳುತ್ತಿದ್ದಾನೆ. ವಾಚನ ಅಲ್ಲಿಗೇ ಮುಗಿಯಿತು. ಆಕೆಗೆ ಮಗನು ಹುಟ್ಟುವುದು ಮರುದಿನದ ವಾಚನದಲ್ಲಿ. ನಡುವಿನ ಆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ದೇವರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮಂಗಳವಾರ ನಾನು ಪುಸ್ತಕವನ್ನು ಮುಟ್ಟಲಿಲ್ಲ, ಮುಂದಿನ ಆರು ವಾರವೂ ಮುಟ್ಟಲಿಲ್ಲ. ಮತ್ತೆ ತೆರೆದಾಗ ಎಲ್ಲಿ ಬಿಟ್ಟಿದ್ದೆ ಎಂದು ಹುಡುಕಬೇಕಾಗಿರಲಿಲ್ಲ. ಧರ್ಮಸಭೆ (ಚರ್ಚು) ಆ ದಿನ ಎಲ್ಲಿತ್ತೋ ಅಲ್ಲಿಂದಲೇ ಸೇರಿಕೊಂಡೆ. ನಿಮ್ಮ 97 ದಿನಗಳಂತೆ ಲೆಕ್ಕ ಇಡಬೇಕಾದ ಪ್ರಮೇಯ ನನಗೆ ಬರಲಿಲ್ಲ.

ಆದಿಯಿಂದ ಅಂತ್ಯ

ಯೆಫ್ತಾಹನ ವಿಷಯದಲ್ಲಿ ತಪ್ಪು ನನ್ನದೇ, ಒಪ್ಪುತ್ತೇನೆ. ನಿಮ್ಮ ನೋವಿನ ಮುಂದೆ ವಾದ ಮಾಡಲಾರೆ. ಆದರೆ ಲೆಕ್ಕ ಇಟ್ಟದ್ದನ್ನು ಹೀಗಳೆಯಬೇಡಿ. ಆ 97 ದಿನಗಳ ಪಟ್ಟಿಯನ್ನು ನೋಡಿದಾಗಲೇ, ಅವುಗಳಲ್ಲಿ ಅರವತ್ತಕ್ಕೂ ಹೆಚ್ಚು ದಿನಗಳು ನಾನು ತಮ್ಮನೊಡನೆ ಆಸ್ತಿಯ ಜಗಳದಲ್ಲಿದ್ದ ತಿಂಗಳುಗಳವು ಎಂದು ನನಗೆ ತಿಳಿದದ್ದು.

ಒಂದೇ ವಚನ

ಇಬ್ಬರೂ ಪುಟಗಳ ಮಾತನ್ನೇ ಆಡುತ್ತಿದ್ದೀರಿ. ಜೆರೋಮರ ಮಾತನ್ನು ಉಲ್ಲೇಖಿಸಿದ ಮಹಾಸಭೆ ಅದೇ ಭಾಗದಲ್ಲಿ, ಓದಿನ ಜೊತೆಗೆ ಪ್ರಾರ್ಥನೆ ಇರಲೇಬೇಕೆಂದೂ ಹೇಳಿದೆ. ಹನ್ನೆರಡನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗೀಗೋ ವಾಚನ, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ತೋರಿಸಿಕೊಟ್ಟರು. ಮೊದಲನೆಯದರಲ್ಲಿಯೇ ಓಡುತ್ತಿದ್ದರೆ ಮೇಲೆ ಹತ್ತುವುದು ಯಾವಾಗ?

ನಾನು ಕಲಿತದ್ದು ಕೆಟ್ಟ ಮೇಲೆಯೇ. ಲೋಕದ ಕೆಲಸಗಳಲ್ಲಿ ತೊಡಗಿರುವವರು ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು ಆಧ್ಯಾತ್ಮಿಕ ಸಾಧನೆ ಮಾಡಬಹುದೆಂದು ಲೊಯೊಲಾದ ಸಂತ ಇಗ್ನಾಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದ ಹತ್ತೊಂಬತ್ತನೆಯ ಸೂಚನೆಯಲ್ಲಿ ಹೇಳಿರುವುದನ್ನು ಹಿಡಿದು, ಮಾರ್ಗದರ್ಶನಕ್ಕೆ ಯಾರನ್ನೂ ಕೇಳದೆ ಆರಂಭಿಸಿದೆ. ಮೂರು ವಾರ ಎಲ್ಲವೂ ಬೆಳಕಾಗಿತ್ತು. ನಾಲ್ಕನೆಯ ವಾರ ಏನೂ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ನಲವತ್ತನೆಯ ದಿನ, ಇದು ನನಗೆ ಹೇಳಿಸಿದ್ದಲ್ಲ ಎಂದು ಬಿಟ್ಟುಬಿಟ್ಟೆ. ಮನಸ್ಸು ಬರಡಾಗಿರುವಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದೂ ಅದೇ ಇಗ್ನಾಷಿಯಸರ ನಿಯಮ. ಅದನ್ನು ನಾನು ಓದಿದ್ದು ನಾಲ್ಕು ವರ್ಷಗಳ ನಂತರ. ಆ ನಾಲ್ಕು ವರ್ಷಗಳಲ್ಲಿ ಭಾನುವಾರದ ಪೂಜೆ ಬಿಟ್ಟು ಬೇರೆ ಯಾವ ಪ್ರಾರ್ಥನೆಯೂ ನನ್ನಲ್ಲಿ ಇರಲಿಲ್ಲ, ಪಾಪನಿವೇದನೆಯೂ ಇರಲಿಲ್ಲ. ಮರಳಿ ತಂದದ್ದು ಯೊವಾನ್ನ 5ರಲ್ಲಿ, 38 ವರ್ಷ ರೋಗಿಯಾಗಿದ್ದವನಿಗೆ ಯೇಸು ಕೇಳಿದ ಒಂದೇ ಪ್ರಶ್ನೆ: ಗುಣಹೊಂದಲು ನಿನಗೆ ಮನಸ್ಸಿದೆಯೇ? ಆ ಮನುಷ್ಯ ಹೌದೆನ್ನುವುದಿಲ್ಲ, ಗುಣಪಡಿಸುವುದೆಂದು ನಂಬಿದ್ದ ಕೊಳಕ್ಕೆ ಇಳಿಸುವವರಿಲ್ಲ ಎಂದು ಕಾರಣ ಹೇಳುತ್ತಾನೆ. ಆ ವಚನದಲ್ಲಿ ಏಳು ತಿಂಗಳು ಇದ್ದೆ.

ಹೊತ್ತಿನ ಕೀರ್ತನೆ

ಏಳು ತಿಂಗಳು ಒಂದೇ ವಚನದಲ್ಲಿ ಇರುವುದಕ್ಕೆ ಬಿಡುವು ಬೇಕು. ಹಾಸಿಗೆ ಹಿಡಿದ ಅತ್ತೆಯವರನ್ನು ಆರು ವರ್ಷ ನೋಡಿಕೊಂಡವಳು ನಾನು. ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕಿತ್ತು. ಮನನಕ್ಕೆ ಕೂತರೆ ನಿದ್ದೆ ಹತ್ತುತ್ತಿತ್ತು, ಎಚ್ಚರವಾದರೆ ನಾಚಿಕೆಯಾಗುತ್ತಿತ್ತು. ನನಗೆ ಒದಗಿದ್ದು ಗುರುಗಳೂ ಧರ್ಮಭಗಿನಿಯರೂ ಹೊತ್ತುಹೊತ್ತಿಗೆ ಹೇಳುವ ಶ್ರೀಗ್ರಂಥದ ಕೀರ್ತನೆಗಳು, ಅವುಗಳ ನಾಲ್ಕು ವಾರಗಳ ಸುತ್ತು. ಶುಕ್ರವಾರ ಮಲಗುವ ಮುನ್ನ 88ನೆಯ ಕೀರ್ತನೆ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಯಲ್ಲಿ ಸಾಂತ್ವನದ ಒಂದು ಪದವೂ ಇಲ್ಲ. ಆರು ವರ್ಷ ಪ್ರತಿ ಶುಕ್ರವಾರ ಅದನ್ನು ಹೇಳಿದ್ದೇನೆ. ನನ್ನ ಪರವಾಗಿ ಮಾತನಾಡಿದ್ದು ಅದೊಂದೇ. ಅವರು ತೀರಿಕೊಂಡ ದಿನವೂ ಶುಕ್ರವಾರವೇ ಆಗಿತ್ತು.

ಆದಿಯಿಂದ ಅಂತ್ಯ

ಆ ಸುತ್ತಿನಲ್ಲಿಯೂ 58, 83, 109ನೆಯ ಕೀರ್ತನೆಗಳನ್ನು ಕೈಬಿಡಲಾಗಿದೆ ಎಂಬುದನ್ನು ಸೇರಿಸಿ ಹೇಳಬೇಕಿತ್ತು.

ಹೊತ್ತಿನ ಕೀರ್ತನೆ

ಅವು ಶಾಪದ ಕೀರ್ತನೆಗಳು. ಶತ್ರುವಿನ ಮಕ್ಕಳು ಭಿಕ್ಷೆ ಬೇಡುತ್ತ ಅಲೆಯಲಿ ಎಂಬ ಮಾತನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಾನು ಹೇಳಲಾರೆ. ಧರ್ಮಸಭೆ ಈ ವಿಷಯದಲ್ಲಿ ನನ್ನ ಮೇಲೆ ಕರುಣೆ ತೋರಿಸಿದೆ.

ಪಾಳಿ ನರ್ಸ್

ಎಲ್ಲರಿಗೂ ವಂದನೆಗಳು. ಆದರೆ ರಾತ್ರಿ ಒಂಬತ್ತಕ್ಕೆ ಕೆಲಸಕ್ಕೆ ಹೋಗಿ ಬೆಳಗ್ಗೆ ಬರುವವಳಿಗೆ ಯಾವುದು ಇಂದಿನ ಓದು, ಯಾವುದು ನಾಳೆಯದು ಎಂದು ಯಾರೂ ಹೇಳಲಿಲ್ಲ.

ಹೊತ್ತಿನ ಕೀರ್ತನೆ

ಕ್ಷಮಿಸಿ. ಹೊತ್ತಿನ ಪ್ರಾರ್ಥನೆಗಳಲ್ಲಿ ವಾಚನಗಳಿಗೆಂದೇ ಇರುವ ಒಂದು ಭಾಗವನ್ನು ದಿನದ ಯಾವ ಹೊತ್ತಿನಲ್ಲಾದರೂ ಹೇಳಬಹುದು. ಹಿಂದಿನ ದಿನದ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ರಾತ್ರಿಯಲ್ಲಿಯೂ ಹೇಳಬಹುದೆಂದು ನಿಯಮವೇ ಇದೆ. ಆದ್ದರಿಂದ ಪಾಳಿಗೆ ಹೊರಡುವ ಮುನ್ನವೇ ನಾಳೆಯದನ್ನು ಓದಿಕೊಳ್ಳಿ. ಇನ್ನು 109ರ ವಿಷಯದಲ್ಲಿ ನನ್ನ ಮಾತಿಗೆ ನಾನು ಬದ್ಧಳು.

ಆದಿಯಿಂದ ಅಂತ್ಯ

ತಮ್ಮನು ನನಗೆ ತಿಳಿಸದೆ ಹೊಲ ಮಾರಿದ ತಿಂಗಳು ನಾನು 109ನ್ನು ದಿನಾಲೂ ಓದಿದೆ. ಆ ಮಾತುಗಳನ್ನು ದೇವರ ಮುಂದೆ ಆಡಿದ್ದರಿಂದಲೇ ಅವನ ಮನೆಯ ಬಾಗಿಲಲ್ಲಿ ಆಡದೆ ಉಳಿದೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲನೆಯ ಅಧ್ಯಾಯದಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದನ ಸ್ಥಾನಕ್ಕೆ ಇನ್ನೊಬ್ಬನನ್ನು ಆರಿಸುವಾಗ, ಪೇತ್ರನೂ ಅದೇ ಕೀರ್ತನೆಯ ಮಾತನ್ನು ಎತ್ತಿಕೊಳ್ಳುತ್ತಾನೆ.

ದೈನಿಕ ವಾಚನ

ಮೇ 14, ಹಾಗೆ ಆಯ್ಕೆಯಾದ ಸಂತ ಮತ್ತೀಯರ ಹಬ್ಬದ ಮೊದಲನೆಯ ವಾಚನ ಅದು. ಬಲಿಪೂಜೆಯಲ್ಲಿಯೇ ಓದುತ್ತೇವೆ.