‘ಚೆಂದ ಕಾಣ್ಲಿ ಅಂತ ಮಿಸ್’: ಈ ಉತ್ತರದಿಂದ ಮಕ್ಕಳನ್ನು ಆಚೆ ತರೋದು ಹೇಗೆ?

ಕೇಳಿದವರು: ಲೈನ್‌ಮನೆದಾರಿ ಮಿಸ್

ಕೊಡಗಿನ ಸಿದ್ದಾಪುರದ ಕಡೆ ಒಂದು ಸರ್ಕಾರಿ ಶಾಲೆ, ನಾಲ್ಕನೇ ತರಗತಿ, 17 ಮಕ್ಕಳು. ಮನೆಯಲ್ಲಿ ಕನ್ನಡ ಆಡುವವರು ನಾಲ್ಕೈದು ಜನ. ಉಳಿದವರದ್ದು ಯರವ, ಮಲಯಾಳ, ತಮಿಳು, ಕೊಡವ ತಕ್ಕ್, ಒಬ್ಬಳದ್ದು ಅರೆಭಾಷೆ. ಮೂರನೇವರೆಗೆ ಆಟದ ಜೊತೆ ಕಲಿಸುವ ನಲಿ-ಕಲಿ ಕಾರ್ಡು ಹಿಡಿದು ಬಂದವರು, ಪದ್ಯ ಕೊಟ್ಟರೆ ಎರಡು ದಿನದಲ್ಲಿ ಬಾಯಿಪಾಠ. ಹೋಲಿಕೆ ಎಲ್ಲಿದೆ ತೋರಿಸು ಅಂದ್ರೆ ‘ಹಾಗೆ’, ‘ಅಂತೆ’ ಇರುವ ಸಾಲಿಗೆ ಗೆರೆ ಎಳೆದು ಕೊಡ್ತಾರೆ. ಅಲ್ಲಿಗೆ ಗಾಡಿ ನಿಲ್ತದೆ. “ಕವಿ ಯಾಕೆ ಹೀಗೆ ಬರೆದ?” ಅಂದ್ರೆ 17 ಬಾಯಲ್ಲೂ ಒಂದೇ ಉತ್ತರ: “ಚೆಂದ ಕಾಣ್ಲಿ ಅಂತ ಮಿಸ್.” ನಿಜ ಹೇಳ್ತೇನೆ, ಜೂನ್‌ನಲ್ಲಿ ಆ ಉತ್ತರವನ್ನು ಬೋರ್ಡಿನ ಮೇಲೆ ಬರೆದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ ಅಂದವಳು ನಾನೇ.

ಮೊನ್ನೆ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದು ಶಾಲೆ ಸುತ್ತ ಕಾಫಿ ಹೂ ಬಿಟ್ಟಿತ್ತು. ಸಿಕ್ಕಿತಲ್ಲ ಉದಾಹರಣೆ ಅಂತ ‘ತೋಟ ಹಿಮ ಸುರಿದ ಹಾಗೆ ಬೆಳ್ಳಗಿತ್ತು’ ಅಂತ ಬರೆದೆ. ಒಬ್ಬ ಎದ್ದು, “ಹಿಮ ಅಂದ್ರೆ ಏನ್ ಮಿಸ್?” ಅಂದ. “ಫ್ರಿಜ್ ಒಳಗೆ ಗಟ್ಟಿಯಾಗಿ ಕೂತಿರ್ತದಲ್ಲ, ಅದು” ಅಂದೆ. ಅವನದ್ದು ಲೈನ್‌ಮನೆ, ತೋಟದ ಕೆಲಸಗಾರರ ಸಾಲುಮನೆ; ಅಲ್ಲಿ ಫ್ರಿಜ್ಜೂ ಇಲ್ಲ. ಸುಮ್ಮನೆ ಕೂತ್ಕೊಂಡ. ನಿಮ್ಮಲ್ಲಿ ಯಾರಾದರೂ ಈ ‘ಯಾಕೆ’ಯನ್ನು ದಾಟಿಸಿದ್ದೀರಾ?

ಉತ್ತರ: ಹಳೇ ಚಾಕ್‌ಪೀಸ್

ಟೀಚರ್, ಮೊದಲು ‘ಯಾಕೆ’ ಅನ್ನೋದನ್ನೇ ಬಿಡಿ. ಶಾಲೆಯಲ್ಲಿ ಮಗುವಿನ ಕಿವಿಗೆ ‘ಯಾಕೆ’ ಬೀಳೋದು ಬೈಸಿಕೊಳ್ಳುವಾಗ: ಯಾಕೋ ತಡ, ಯಾಕೋ ಹೋಂವರ್ಕ್ ಇಲ್ಲ. ಬದಲಿಗೆ ಆ ಹೋಲಿಕೆಯ ಮಾತನ್ನು ಸಾಲಿನಿಂದ ಕಿತ್ತು ಓದಿಸಿ. ಆಮೇಲೆ ಮತ್ತೆ ಸೇರಿಸಿ ಓದಿಸಿ. ‘ಕಿತ್ತಾಗ ಏನು ಹೋಯ್ತು?’ ಅಂತ ಕೇಳಿ. ಏನೂ ಹೋಗಲಿಲ್ಲ ಅಂದರೆ ಅದೂ ಸರಿಯಾದ ಉತ್ತರವೇ, ಒಪ್ಪಿಕೊಳ್ಳಿ.

ನಮ್ಮ ಮಡಿಕೇರಿಯಲ್ಲೇ ಮೇಷ್ಟ್ರಾಗಿದ್ದ ಪಂಜೆ ಮಂಗೇಶರಾಯರ (1874–1937) ನಾಗರಹಾವಿನ ಪದ್ಯ ನೋಡಿ. ಅಲ್ಲಿ ಹಾವಿನ ಬಗ್ಗೆ ಮಾತಿಲ್ಲ, ಹಾವಿನ ಜೊತೆ ಮಾತು. ನಾನು ಅದನ್ನು ‘ಅದು ನಾಗರಹಾವು, ಅದು ಬಿಲದಲ್ಲಿದೆ’ ಅಂತ ಬದಲಾಯಿಸಿ ಓದಿಸ್ತಿದ್ದೆ. “ಸಾರ್, ಈಗ ಹಾವು ದೂರ ಹೋಯ್ತು” ಅಂದಿದ್ದ ಒಬ್ಬ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಕ್ಕೆ ಬರ್ತಿರಲಿಲ್ಲ.

ಉತ್ತರ: ಹೈಸ್ಕೂಲ್ ಕನ್ನಡ

ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಅಂತ ಹೋಲಿಕೆಯನ್ನು ಭಾಗ ಮಾಡೋದೆಲ್ಲ ನಮಗೆ ಬಿಡಿ, ನಾವಿದ್ದೇವೆ. ಒಂದು ತಕರಾರು ಮಾತ್ರ. ಕವಿ ಇಟ್ಟ ಪ್ರತಿ ಪದಕ್ಕೂ ಗುಟ್ಟಿನ ಕಾರಣ ಇದೆ ಅಂತ ನಂಬಿಸಬೇಡಿ. ಎಷ್ಟೋ ಕಡೆ ಪ್ರಾಸ ಬಂದದ್ದು ಪ್ರಾಸಕ್ಕೋಸ್ಕರ, ನಾಲಿಗೆಗೆ ಖುಷಿ ಅಂತ. ಇಲ್ಲದ ಅರ್ಥ ಹುಡುಕುವ ಮಕ್ಕಳು ಎಂಟನೇ ತರಗತಿಗೆ ಬಂದಾಗ ನನ್ನ ತಲೆ ತಿಂತಾರೆ!

ಉತ್ತರ: ಕರಿಮೆಣಸು

ನಾನು ಟೀಚರ್ ಅಲ್ಲ, ನಾಪೋಕ್ಲು ಕಡೆಯ ತೋಟದವ. ನಿಮ್ಮ ಮಕ್ಕಳ ಬಾಯಲ್ಲಿ ರೂಪಕ ಆಗಲೇ ಇದೆ ಮಿಸ್. ಕಾಫಿ ಗಿಡದ ಅಡ್ಡಕೊಂಬೆಗೆ ನಾವು ‘ರೆಕ್ಕೆ’ ಅಂತೇವೆ. ಗಿಡ ಹಾರ್ತದಾ? ಕೇಳಿ ನೋಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಅಂತ ಕೂಗ್ತೇವಲ್ಲ. ಪೊಲಿ ಅಂದ್ರೆ ಹೆಚ್ಚಲಿ. ಹೆಚ್ಚಲಿ ಅನ್ನೋದನ್ನು ಒಂದೇ ಸಲ ಕೂಗಿದ್ರೆ ಜಿಪುಣತನ ಅಲ್ವಾ?

ಮತ್ತೆ ಬರೆದವರು: ಲೈನ್‌ಮನೆದಾರಿ ಮಿಸ್

ಎಲ್ಲರಿಗೂ ಥ್ಯಾಂಕ್ಸ್. ಮಾಡಿ ನೋಡಿದೆ, ವರದಿ ಒಪ್ಪಿಸ್ತೇನೆ.

ಚಾಕ್‌ಪೀಸ್ ಸರ್ ಹೇಳಿದ ಹಾಗೆ ಮೂರು ಸಾಲು ಬರೆದೆ. ‘ಮಳೆ ಬಂತು.’ ‘ಮಳೆ ಜಿಟಿಜಿಟಿ ಬಂತು.’ ‘ಮಳೆ ಧೋ ಅಂತ ಸುರಿಯಿತು.’ ಯಾವುದು ಚೆಂದ ಅಂತ ಕೇಳಲೇ ಇಲ್ಲ. “ಯಾವ ಮಳೆಗೆ ಶಾಲೆಗೆ ರಜೆ?” ಅಂದೆ. “ಧೋ!” ಅಂತ ಇಡೀ ಕ್ಲಾಸು. ಜಿಟಿಜಿಟಿಗೆ? “ಬರ್ಬೇಕು ಮಿಸ್, ಕೊಡೆ ಹಿಡ್ಕೊಂಡು. ಜಿಗಣೆ ಹತ್ತುತ್ತೆ.” ಮೊದಲನೇ ಸಾಲಿಗೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗಿ, “ಅದ್ರಲ್ಲಿ ಗೊತ್ತಾಗಲ್ಲ, ಡಿಸಿ ಹೇಳೋವರೆಗೆ ಕಾಯ್ಬೇಕು” ಅಂದಳು. ನಗು ತಡೆಯಕ್ಕೆ ಬೋರ್ಡ್ ಒರೆಸಬೇಕಾಯ್ತು.

‘ರೆಕ್ಕೆ’ ಪ್ರಶ್ನೆಗೆ ಅಷ್ಟು ಫಲ ಸಿಗಲಿಲ್ಲ. “ಅದರ ಹೆಸರೇ ರೆಕ್ಕೆ ಮಿಸ್” ಅಂದುಬಿಟ್ಟರು. ಪೊಲಿ ಪೊಲಿ ಮಾತ್ರ ಕ್ಲಾಸು ಮುಗಿದ ಮೇಲೂ ಜಗಲಿಯಲ್ಲಿ ಕೇಳ್ತಾ ಇತ್ತು.

ಇನ್ನು ಆ ಹಿಮ. ಅದನ್ನು ಒರೆಸಿ, ಎಲ್ಲರನ್ನೂ ಬೇಲಿ ಹತ್ರ ಕರ್ಕೊಂಡು ಹೋಗಿ, ಈ ಹೂ ನೋಡದೇ ಇರೋ ಬೆಂಗಳೂರಿನ ಮಗುವಿಗೆ ಹೇಳಿ ಅಂದೆ. ಮೊಸರನ್ನ ಬಂತು, ಹತ್ತಿ ಬಂತು. ಮೊನ್ನೆ ಹಿಮ ಕೇಳಿದವನೇ ಬಗ್ಗಿ, ಗಿಣ್ಣು ಗಿಣ್ಣಿಗೂ ಹೂ ಗುಂಪಾಗಿ ಕೂತಿರೋದನ್ನು ಬೆರಳಿಟ್ಟು ನೋಡಿ, “ಕಡ್ಡಿಗೆ ಕಡ್ಲೆಪುರಿ ಮೆತ್ತಿದ ಹಾಗೆ” ಅಂದ. ಆ ಹೋಲಿಕೆ ತೆಗೆದ್ರೆ ಏನು ಹೋಗ್ತದೆ ಅಂದೆ. “ಬೆಂಗಳೂರವ್ನಿಗೆ ಬಿಳಿ ಅಂತ ಮಾತ್ರ ಗೊತ್ತಾಗುತ್ತೆ. ಎಲ್ಲಿ ಅಂಟಿದೆ ಅಂತ ಗೊತ್ತಾಗಲ್ಲ.” ಪಕ್ಕದವನು ಸೇರಿಸಿದ: “ಪುರಿನೂ ನಾಲ್ಕು ದಿನ ಬಿಟ್ರೆ ಮೆತ್ತಗಾಗ್ತದಲ್ಲ ಮಿಸ್, ಹೂವೂ ಹಾಗೇ.” ಇದು ನನಗೆ ಹೊಳೆದಿರಲಿಲ್ಲ.

ಹೈಸ್ಕೂಲ್ ಸರ್, ನಿಮ್ಮ ತಕರಾರು ನೆನಪಿದೆ. ಪ್ರಾಸದ ತಂಟೆಗೆ ಹೋಗಲಿಲ್ಲ.

ನಿನ್ನೆ ಕಿರುಪರೀಕ್ಷೆ ಇಟ್ಟೆ. ಅರೆಭಾಷೆ ಹುಡುಗಿ ದುಂಡಗಿನ ಅಕ್ಷರದಲ್ಲಿ ಮತ್ತೆ ಬರೆದಿದ್ದಾಳೆ, ‘ಚೆಂದ ಕಾಣಲಿ ಎಂದು’. ಅಂಕ ಕಳೆಯಲಿಲ್ಲ. ಬರೆಸಿದವಳು ನಾನೇ ತಾನೆ.