ಥಿಯೇಟರಲ್ಲಿ ಸರಿಯಿದ್ದ ಸಿನಿಮಾ, ಮನೇಲಿ ಮಾತೇ ಕೇಳಿಸ್ತಿಲ್ಲ

ಕಾಫಿಪುಡಿ:
ಈ ವಾರ ಟಿವಿಯಲ್ಲಿ ‘ಕಾಂತಾರ’ (2022) ಮತ್ತೆ ನೋಡಿದ್ದಾಯ್ತು. ಕೊನೆಯ ಭಾಗ ಈಗಲೂ ಮೈ ಜುಮ್ಮೆನ್ನಿಸುತ್ತೆ, ಶಿವ-ಲೀಲಾ ಪ್ರೇಮದ ಭಾಗ ಮಾತ್ರ ಎರಡನೇ ಸಲಕ್ಕೆ ಎಳೆದ ಹಾಗಿದೆ. ತೊಂದರೆ ಅದಲ್ಲ. ಮಾತು ಕೇಳಲಿ ಅಂತ ವಾಲ್ಯೂಮ್ 40ಕ್ಕೆ ಏರಿಸಿದ್ರೆ ದೈವದ ಕೂಗಿಗೆ ಪಕ್ಕದ ಮನೆಯವರೂ ಎದ್ದು ಕೂರಬೇಕು, 15ಕ್ಕೆ ಇಳಿಸಿದ್ರೆ ಮಾತೇ ಇಲ್ಲ. ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲೂ ಪಿಸುಮಾತೆಲ್ಲ ಹೋಯ್ತು. ಸಿನಿಮಾದ ತಪ್ಪಾ, ಟಿವಿ ತಪ್ಪಾ? 43 ಇಂಚಿನದು, ಬೇರೆ ಸ್ಪೀಕರ್ ಇಲ್ಲ.

ಹಳೇರೇಡಿಯೋ:
ಎರಡರದ್ದೂ ಅಲ್ಲ, ನೀವು ಆರಿಸಿರೋ ಆಡಿಯೋ ಟ್ರ್ಯಾಕಿನದ್ದು ಇರಬೇಕು. ಅದು 5.1 ಇರಬಹುದು. 5.1 ಅಂದ್ರೆ ಸದ್ದಿಗೆ ಆರು ದಾರಿ: ಎಡ, ಬಲ, ನಡು, ಸುತ್ತಲಿನ ಎರಡು, ಬಾಸಿಗೊಂದು. ಮಾತಿನ ಬಹುಪಾಲು ನಡುವಿನ ಸ್ಪೀಕರಿಗೇ ಹೋಗುತ್ತೆ. ನಿಮ್ಮ ಟಿವಿಯಲ್ಲಿ ಆ ನಡುವಿನದೇ ಇಲ್ಲ. ಹಾಗಾಗಿ ಅದನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎಡಬಲಕ್ಕೆ ಹಂಚ್ತಾರೆ, ಅಲ್ಲಿ ಸಂಗೀತ, ಗದ್ದಲ ಎಲ್ಲ ಮೊದಲೇ ತುಂಬಿರುತ್ತೆ. ತೆಳು ಟಿವಿಗಳ ಸ್ಪೀಕರು ಬೇರೆ ನೆಲಕ್ಕೆ ಮುಖ ಮಾಡಿರುತ್ತೆ. ಸ, ಶ, ತ ಅಕ್ಷರಗಳು ಮೊದಲು ಮಂಕಾಗೋದು ಅಲ್ಲೇ.

ಸಿನಿಮಾ ಓಡ್ತಿರುವಾಗಲೇ ಆ್ಯಪ್‌ನಲ್ಲಿ ಆಡಿಯೋ ಮೆನು ತೆಗೀರಿ. ‘ಕನ್ನಡ 5.1’ ಜೊತೆಗೆ ಬರೀ ‘ಕನ್ನಡ’ ಅಂತಲೂ ಇದ್ರೆ ಎರಡನೆಯದು ಹಾಕಿ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗಲ್ಲಿ ವರ್ಚುವಲ್ ಸರೌಂಡ್ ಆಫ್, ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಆನ್. ಇದು ಜೋರು ಸದ್ದನ್ನು ಒತ್ತಿ ಮೆಲ್ಲನೆಯದನ್ನು ಎತ್ತುತ್ತೆ. ಕ್ಲೈಮ್ಯಾಕ್ಸಿನ ಗತ್ತು ಸ್ವಲ್ಪ ಕಮ್ಮಿಯಾಗುತ್ತೆ, ರಾತ್ರಿ ಹನ್ನೊಂದಕ್ಕೆ ಅಷ್ಟು ಸಾಕು. ಬಾಸ್ ಎರಡು ಹೆಜ್ಜೆ ಇಳಿಸಿ, ಟ್ರೆಬಲ್ ಎರಡು ಏರಿಸಿ.

ಮಂಡ್ಯಮಾತು:
ಎಲ್ಲ ಸಿನಿಮಾಗೂ ಈ ಮದ್ದು ನಾಟಲ್ಲ ಸರ್. ‘ತಿಥಿ’ ಹಾಕಿ ನೋಡಿ. ಸೆಂಚುರಿ ಗೌಡ, ಗಡ್ಡಪ್ಪ, ತಮ್ಮಣ್ಣ, ಅಭಿ, ನಾಲ್ಕು ತಲೆಮಾರಿನ ಪಾತ್ರ ಮಾಡಿದವರೂ ಹಳ್ಳಿಯ ಜನರೇ, ಮಾತು ಚಿತ್ರೀಕರಣದ ಜಾಗದಲ್ಲೇ ಹಿಡಿದದ್ದು. ಡಬ್ಬಿಂಗ್‌ನಲ್ಲಾದ್ರೆ ಮೈಕು ಬಾಯಿ ಮುಂದೆ, ಪ್ರತಿ ಅಕ್ಷರ ತೊಳೆದಿಟ್ಟ ಹಾಗೆ ಬರುತ್ತೆ. ಇಲ್ಲಿ ಗಾಳಿ, ಕುರಿ, ಒಬ್ಬರ ಮೇಲೊಬ್ಬರ ಮಾತು ಎಲ್ಲ ಸೇರಿರುತ್ತೆ. ವಾಲ್ಯೂಮ್ ಏರಿಸಿದ್ರೆ ಕುರಿಯೂ ಜೋರಾಗುತ್ತೆ ಅಷ್ಟೆ. ಮೊದಲ ಹತ್ತು ನಿಮಿಷ ಸಬ್‌ಟೈಟಲ್ ಹಾಕಿ, ಕಿವಿ ಕುದುರಿದ ಮೇಲೆ ತೆಗೀರಿ. ನನ್ನ ಪ್ರಕಾರ ಈ ಪಟ್ಟಿಯಲ್ಲಿ ಎರಡನೇ ಸಲ ನೋಡಿದ್ರೆ ಇನ್ನೂ ಚೆನ್ನಾಗಿ ನಗಿಸೋದು ಇದೊಂದೇ.

ಬೆಳ್ಳಿತೆರೆ:
ಚಿತ್ರದ ಬಗ್ಗೆ ಯಾರೂ ಹೇಳಲಿಲ್ಲ. ‘ಸಪ್ತ ಸಾಗರ’ದ ಮೊದಲ ಭಾಗ ಸೈಡ್ ಎ ನೀಲಿ, ಎರಡನೆಯದು ಸೈಡ್ ಬಿ ಕೆಂಪು, ಕಥೆಯ ಅರ್ಧ ಆ ಬಣ್ಣದಲ್ಲೇ ಇದೆ. ‘ವಿವಿಡ್’ ಮೋಡ್‌ನಲ್ಲಿ ನೀಲಿ ಡಿಟರ್ಜೆಂಟ್ ಜಾಹೀರಾತಾಗುತ್ತೆ, ಕೆಂಪು ಮುಖಕ್ಕೇ ಬಳಿಯುತ್ತೆ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ. ಮೊದಲೆರಡು ದಿನ ಹಳದಿ ಅನ್ಸುತ್ತೆ, ಬದಲಾಯಿಸಬೇಡಿ. ಮೋಷನ್ ಸ್ಮೂತಿಂಗ್ ಪೂರ್ತಿ ಆಫ್ ಮಾಡಿ: ಸಿನಿಮಾ ಇರೋದು ಸೆಕೆಂಡಿಗೆ 24 ಫ್ರೇಮು, ಟಿವಿ ನಡುವೆ ತಾನೇ ಫ್ರೇಮು ಹುಟ್ಟಿಸಿ ಸೇರಿಸೋದ್ರಿಂದ ಎಲ್ಲವೂ ಧಾರಾವಾಹಿ ಥರ ಕಾಣುತ್ತೆ. ಹಳೇ ಕಪ್ಪುಬಿಳುಪು ಸಿನಿಮಾಗಳಿಗೆ ಸ್ಟ್ರೆಚ್ ಬೇಡ, ‘ಒರಿಜಿನಲ್’ ಅಥವಾ 4:3 ಇಡಿ. ಇಲ್ಲದಿದ್ರೆ ಅಣ್ಣಾವ್ರ ಮುಖವೂ ದುಂಡಗಾಗುತ್ತೆ.

ಕಾಫಿಪುಡಿ:
ಬರೀ ‘ಕನ್ನಡ’ ಟ್ರ್ಯಾಕ್ ಹಾಕಿದೆ, 22ರಲ್ಲೇ ಎಲ್ಲ ಕೇಳಿಸ್ತಿದೆ. ಮುಂದೆ ಸೌಂಡ್‌ಬಾರ್ ತಗೊಂಡ್ರೆ 2.1 ಸಾಕಾ?

ಹಳೇರೇಡಿಯೋ:
ಮಾತಿಗೋಸ್ಕರ ಆದ್ರೆ 3.1 ತಗೊಳ್ಳಿ, ಅದರಲ್ಲಿ ನಡುವಿನ ಸ್ಪೀಕರ್ ಬೇರೆ ಇರುತ್ತೆ. 2.1ರಲ್ಲಿ ಹೆಚ್ಚಾಗೋದು ಗುಡುಗು ಮಾತ್ರ. ಟಿವಿಯ ಹಿಂದೆ ‘ಎಆರ್‌ಸಿ’ (ARC) ಅಂತ ಬರೆದಿರೋ, ಟಿವಿಯ ಸದ್ದನ್ನು ಹೊರಗೆ ಕಳಿಸೋ ಎಚ್‌ಡಿಎಂಐ ಕಿಂಡಿಗೇ ಸೌಂಡ್‌ಬಾರಿನ ಕೇಬಲ್ ಹಾಕಬೇಕು, ಪಕ್ಕದ್ದಕ್ಕೆ ಹಾಕಿದ್ರೆ ಸದ್ದೇ ಬರಲ್ಲ. ತುಟಿಗೂ ದನಿಗೂ ತಾಳ ತಪ್ಪಿದ್ರೆ ಆಡಿಯೋ ಡಿಲೇಯನ್ನು ಸ್ವಲ್ಪಸ್ವಲ್ಪವಾಗಿ ಸರಿಸಿ. ಡಬ್ ಆದ ಸಿನಿಮಾ ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಡಿ, ಬೆಳಗಾದ್ರೂ ಮುಗಿಯಲ್ಲ. ಅದಕ್ಕೆ ಮಂಡ್ಯಮಾತು ಹೇಳಿದ ‘ತಿಥಿ’ಯೇ ಸರಿ.